ಹದಿಮೂರು ವರ್ಷದ ಲ್ಯಾಪ್‌ಟಾಪಿಗೆ ಡೆಬಿಯನ್: ಮಂಡ್ಯದ ಒಂದು ಪ್ರಕರಣ ಅಧ್ಯಯನ

ಮಂಡ್ಯದ ಸುಭಾಷ್ ನಗರದಲ್ಲಿರುವ ನನ್ನ ಕನ್ನಡ ಮೇಷ್ಟ್ರು ನಿವೃತ್ತರಾಗಿ ಹನ್ನೊಂದು ವರ್ಷಗಳಾದವು. ಅಂದಿನಿಂದ ಅವರು ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಗಳಿಗೆ ಹೋಗಿ, ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲ ಕಾಯಿಸುವವರ ಬಾಯಲ್ಲಿ ಕೇಳಿದ ಪದಗಳನ್ನು ಬರೆದುಕೊಂಡು ಬಂದು, ಮನೆಯಲ್ಲಿ ಅವನ್ನು ಟೈಪು ಮಾಡಿ ಒಂದು ಪದಕೋಶವನ್ನು ಕಟ್ಟುತ್ತಿದ್ದಾರೆ. ಆ ಕೆಲಸವೆಲ್ಲ ನಡೆಯುವುದು 2012ರಲ್ಲಿ ಕೊಂಡ ಒಂದೇ ಲ್ಯಾಪ್‌ಟಾಪಿನಲ್ಲಿ. ಕಳೆದ ವರ್ಷ ಆ ಯಂತ್ರಕ್ಕೆ ಮುಕ್ತ ತಂತ್ರಾಂಶದ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಆರಿಸಿ ಹಾಕಿಕೊಡುವ ಹೊಣೆ ನನ್ನದಾಯಿತು. ಮೊದಲ ಆಯ್ಕೆ ತಪ್ಪಾಯಿತು, ಎರಡನೆಯದು, ಅಂದರೆ ವಿಂಡೋಸಿನ ಬದಲು ಬಳಸುವ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಒಂದು ಬಗೆಯಾದ ಡೆಬಿಯನ್, ನಿಂತಿತು. ಹಳೆಯ ಯಂತ್ರದ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು "ಯಾವುದು ಹಗುರ" ಎಂಬ ಪ್ರಶ್ನೆಯನ್ನು. ನಾನೂ ಅದನ್ನೇ ಕೇಳಿದ್ದೆ, ಆ ಪ್ರಶ್ನೆಯೇ ನನ್ನನ್ನು ದಾರಿ ತಪ್ಪಿಸಿತು. ಆದ್ದರಿಂದ ಎರಡೂ ಪ್ರಯತ್ನಗಳನ್ನು ಪೂರ್ತಿಯಾಗಿ ಇಲ್ಲಿ ದಾಖಲಿಸಿದ್ದೇನೆ.

ಯಂತ್ರ ಮತ್ತು ಅದರ ಮುಂದೆ ಕೂರುವವರು

ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಕೋರ್ ಐ3 ಎರಡನೆಯ ತಲೆಮಾರಿನ ಪ್ರೊಸೆಸರ್, 4 ಜಿಬಿ ಡಿಡಿಆರ್3 ಮೆಮೊರಿ, ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್ ಮತ್ತು 1366 x 768 ಪಿಕ್ಸೆಲ್‌ಗಳ ಪರದೆ ಇದ್ದವು. ಕೊಂಡಾಗ ವಿಂಡೋಸ್ 7 ಇತ್ತು, ಮುಂದೆ ಯಾರೋ ಅದನ್ನು ವಿಂಡೋಸ್ 10ಕ್ಕೆ ಏರಿಸಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಈ ಯಂತ್ರದಲ್ಲಿಲ್ಲ, ಪ್ರೊಸೆಸರ್ ಕೂಡ ಅದರ ಪಟ್ಟಿಗೆ ಸೇರುವುದಿಲ್ಲ. ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆಗಳು ಸಿಗುತ್ತಿದ್ದವು ನಿಜ, ಆದರೆ ಅದು ತೀರ್ಮಾನವನ್ನು ಒಂದು ವರ್ಷ ಮುಂದಕ್ಕೆ ಹಾಕುವ ಮಾತಷ್ಟೇ ಆಗುತ್ತಿತ್ತು.

ವ್ಯವಸ್ಥೆಯನ್ನು ಬದಲಿಸುವ ಮೊದಲು ಯಂತ್ರದ ಕಾಯಿಲೆ ಯಾವುದು, ವ್ಯವಸ್ಥೆಯ ಕಾಯಿಲೆ ಯಾವುದು ಎಂದು ಬೇರ್ಪಡಿಸುವುದು ಅಗತ್ಯವಾಗಿತ್ತು. ಬೆಳಿಗ್ಗೆ ಯಂತ್ರ ಹಾಕಿದರೆ ಅಂತರಜಾಲದ ಯಾವ ತಾಣವೂ ತೆರೆಯುವುದಿಲ್ಲ ಎಂಬುದು ಮೇಷ್ಟ್ರ ಮುಖ್ಯ ದೂರಾಗಿತ್ತು. ನೋಡಿದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸೆಲ್ ಸತ್ತು ಗಡಿಯಾರ ಹಿಂದಕ್ಕೆ ಓಡಿಹೋಗಿತ್ತು. ಯಂತ್ರದ ದಿನಾಂಕ ತಾಣದ ಭದ್ರತಾ ಪ್ರಮಾಣಪತ್ರದ ಅವಧಿಯೊಳಗೆ ಇಲ್ಲದಿದ್ದರೆ ಬ್ರೌಸರ್ ಆ ತಾಣವನ್ನು ನಂಬುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿದ್ದುದರಿಂದ ಪ್ರತಿ ಸಲ ಕರೆಂಟು ಹೋದಾಗಲೂ ಈ ತೊಂದರೆ ಮರುಕಳಿಸುತ್ತಿತ್ತು. ಸಣ್ಣ ಅಂಗಡಿಯಲ್ಲಿ ಸಿಗುವ ಒಂದು ಸೆಲ್ಲಿನಿಂದ ಇದು ನಿಂತುಹೋಯಿತು. ಎರಡನೆಯದು ಹಾರ್ಡ್ ಡಿಸ್ಕ್. ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ಡಿಸ್ಕಿನ ಸ್ವಯಂತಪಾಸಣೆಯ ದಾಖಲೆಯನ್ನು ಓದಿದಾಗ, ಕೆಟ್ಟ ಜಾಗಗಳಿಂದ ಬೇರೆಡೆಗೆ ಸ್ಥಳಾಂತರಿಸಿದ ಸೆಕ್ಟರುಗಳ ಎಣಿಕೆ ಸೊನ್ನೆಯಾಗಿರಬೇಕಾದಲ್ಲಿ ಮೂರಂಕಿಗೆ ಏರಿತ್ತು. ಅಂತಹ ಡಿಸ್ಕಿನ ಮೇಲೆ ಯಾವ ವ್ಯವಸ್ಥೆಯನ್ನು ಹಾಕಿದರೂ ಅದು ಸ್ಥಿರವಾಗಿರುವುದಿಲ್ಲ. ಮೊದಲು ಎಲ್ಲ ಕಡತಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು, ಮೈಸೂರಿನಿಂದ 240 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಒಂದನ್ನು ತಂದು ಅದರ ಜಾಗಕ್ಕೆ ಕೂರಿಸಿದೆ. ಹಳೆಯ ಲ್ಯಾಪ್‌ಟಾಪು ನಿಧಾನ ಎನ್ನುವವರಿಗೆ ನಾನು ಯಾವ ಲಿನಕ್ಸ್ ಎನ್ನುವುದಕ್ಕೂ ಮೊದಲು ಈ ಒಂದು ಬದಲಾವಣೆಯನ್ನು ಹೇಳುತ್ತೇನೆ. ಅದರಿಂದ ಸಿಗುವ ಲಾಭದ ಮುಂದೆ ವ್ಯವಸ್ಥೆಗಳ ನಡುವಿನ ವೇಗದ ಅಂತರ ತೀರ ಚಿಕ್ಕದು.

ಯಂತ್ರಕ್ಕಿಂತ ಹೆಚ್ಚಾಗಿ ನಾನು ಅರ್ಥ ಮಾಡಿಕೊಳ್ಳಬೇಕಾಗಿದ್ದುದು ಮೇಷ್ಟ್ರ ಅಗತ್ಯವನ್ನು. ಅವರಿಗೆ ಎಪ್ಪತ್ತೊಂದು ವರ್ಷ. ಅವರು ಕನ್ನಡ ಟೈಪು ಮಾಡಲು ಬಳಸುವ ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಜಾಡಿನಲ್ಲಿ ಬಂದ ಕಗಪ ವಿನ್ಯಾಸದಲ್ಲಿ, ಕೀಲಿಗಳನ್ನು ನೋಡದೆಯೇ ಟೈಪು ಮಾಡುತ್ತಾರೆ. ಏನು ಬೇಕು ಎಂದು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ: "ನೆನ್ನೆ ಇದ್ದ ಗುಂಡಿ ಇವತ್ತೂ ಇದ್ದ ಜಾಗದಲ್ಲೇ ಇರ್ಬೇಕು ಕಣಯ್ಯಾ. ಅಕ್ಷರ ಸ್ವಲ್ಪ ದಪ್ಪಕ್ಕೆ ಕಾಣ್ಬೇಕು. ಇನ್ನೇನೂ ನಾನು ಕೇಳಲ್ಲ." ಸ್ಥಿರತೆ ಮತ್ತು ಹೊಂದಿಸಿಕೊಳ್ಳುವ ಅವಕಾಶ ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ಆ ಮೂರು ವಾಕ್ಯಗಳಲ್ಲಿ ಬಂದುಬಿಟ್ಟಿತ್ತು.

ಮೊದಲ ಪ್ರಯತ್ನ

ಅಕ್ಟೋಬರ್ ಕೊನೆಯಲ್ಲಿ ನಾನು ಹಾಕಿದ್ದು ಹಳೆಯ ಯಂತ್ರಗಳಿಗೆಂದೇ ಮಾಡಿದ ಒಂದು ಅತಿ ಹಗುರ ಲಿನಕ್ಸ್ ಆವೃತ್ತಿ. ಪಟ್ಟಿ, ಚಿಹ್ನೆ, ಹೊಂದಿಕೆಗಳೆಲ್ಲ ಒಟ್ಟಿಗೆ ಬರುವ ಪೂರ್ಣ ಡೆಸ್ಕ್‌ಟಾಪ್ ಅದರಲ್ಲಿ ಇರಲಿಲ್ಲ, ಕಿಟಕಿಗಳನ್ನು ನಿಭಾಯಿಸುವ ಒಂದು ಚಿಕ್ಕ ತಂತ್ರಾಂಶ ಮಾತ್ರ ಇತ್ತು. ಯಂತ್ರ ಸುಮ್ಮನಿದ್ದಾಗ 250 ಎಂಬಿಯಷ್ಟು ಮೆಮೊರಿ ಮಾತ್ರ ಬಳಕೆಯಾಗುತ್ತಿದ್ದುದನ್ನು ಕಂಡು ನಾನು ತೃಪ್ತನಾಗಿ ಮೈಸೂರಿಗೆ ಮರಳಿದೆ.

ಮೂರು ದಿನಕ್ಕೆ ಫೋನು ಬಂತು. ಬರವಣಿಗೆಗೆ ಬಳಸುವ ಲಿಬ್ರೆಆಫೀಸಿನಲ್ಲಿ ಕನ್ನಡ ಮೂಡುತ್ತಿತ್ತು, ಬ್ರೌಸರಿನಲ್ಲಿ ಮೂಡುತ್ತಿರಲಿಲ್ಲ. ಲಿನಕ್ಸಿನಲ್ಲಿ ಐಬಸ್‌ನಂತಹ ಅಕ್ಷರ ಮೂಡಿಕೆಯ ವ್ಯವಸ್ಥೆ ಎಲ್ಲ ತಂತ್ರಾಂಶಗಳಲ್ಲೂ ಕೆಲಸ ಮಾಡಬೇಕಾದರೆ, ಲಾಗಿನ್ ಆಗುವಾಗಲೇ ಜಿಟಿಕೆ, ಕ್ಯೂಟಿ ಮತ್ತು ಎಕ್ಸ್ ಎಂಬ ಮೂರೂ ಬಗೆಯ ತಂತ್ರಾಂಶಗಳಿಗೆ ಅದರ ಹೆಸರನ್ನು ತಿಳಿಸುವ, ಪರಿಸರ ಚಲಕಗಳು ಎಂಬ ಹೊಂದಿಕೆಗಳು ಜಾರಿಯಾಗಿರಬೇಕು. ಪೂರ್ಣ ಡೆಸ್ಕ್‌ಟಾಪ್ ಇರುವ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಇದು ತಾನಾಗಿ ಆಗುತ್ತದೆ. ಇಲ್ಲಿ ನಾನೇ ಬರೆಯಬೇಕಾಗಿತ್ತು, ಒಂದನ್ನು ಬರೆದು ಉಳಿದವನ್ನು ಬಿಟ್ಟಿದ್ದೆ. ಫೋನಿನಲ್ಲಿಯೇ ಅದನ್ನು ಸರಿಪಡಿಸಲು ನಾವಿಬ್ಬರೂ ಒಂದೂವರೆ ಗಂಟೆ ಕಳೆದೆವು. ಮರುವಾರ ವೈಫೈ ಚಿಹ್ನೆ ಮಾಯವಾಯಿತು. ಅದರ ಮರುವಾರ ಪೆನ್‌ಡ್ರೈವ್ ಹಾಕಿದರೆ ತೆರೆದುಕೊಳ್ಳಲಿಲ್ಲ. ಪ್ರತಿಯೊಂದಕ್ಕೂ ಪರಿಹಾರವಿತ್ತು, ಆದರೆ ಪ್ರತಿ ಪರಿಹಾರವೂ ನನ್ನ ತಲೆಯಲ್ಲಿತ್ತು, ನಾನು ಮಾತ್ರ 45 ಕಿಲೋಮೀಟರು ದೂರದಲ್ಲಿದ್ದೆ. ಮೂರನೆಯ ವಾರದ ಕೊನೆಗೆ ಮೇಷ್ಟ್ರು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯುವುದಕ್ಕೆ ಹಿಂತಿರುಗಿದ್ದರು. ಬೇಸರವನ್ನು ಬಾಯಿಬಿಟ್ಟು ಹೇಳಲಿಲ್ಲ. ಮೇಜಿನ ಮೇಲೆ ಮುಚ್ಚಿಟ್ಟ ಲ್ಯಾಪ್‌ಟಾಪಿನ ಮೇಲೆ ಕಾಗದದ ಕಟ್ಟು ಇಟ್ಟಿದ್ದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಯಿತು.

ಮೆಮೊರಿಯನ್ನು ಉಳಿಸಲು ಹೋಗಿ ನಾನು ಅವರ ಸಮಯವನ್ನು ಖರ್ಚು ಮಾಡಿಸಿದ್ದೆ. 4 ಜಿಬಿ ಇರುವ ಯಂತ್ರದಲ್ಲಿ ವ್ಯವಸ್ಥೆ 250 ಎಂಬಿ ಹಿಡಿದರೂ 700 ಎಂಬಿ ಹಿಡಿದರೂ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದ ಮೇಲೆ ಆ ಅಂತರಕ್ಕೆ ಹೆಚ್ಚಿನ ಅರ್ಥ ಉಳಿಯುವುದಿಲ್ಲ. ಅತಿ ಹಗುರ ಆವೃತ್ತಿಗಳು 1 ಜಿಬಿ ಇರುವ ಯಂತ್ರಗಳಿಗೆ ವರವೇ ಸರಿ, ಈ ಪ್ರಕರಣಕ್ಕೆ ಅವು ಬೇಕಾಗಿರಲಿಲ್ಲ.

ಮತ್ತೆ ಆರಿಸಿದ್ದು

ಎರಡನೆಯ ಸಲ ನಾನು ಪ್ರಶ್ನೆಯನ್ನು ಬದಲಿಸಿದೆ. ಮುಂದಿನ ಐದು ವರ್ಷ ಭದ್ರತೆಯ ಪರಿಷ್ಕರಣೆ ಬರುತ್ತಿರಬೇಕು, ಆದರೆ ಕಣ್ಣಿಗೆ ಕಾಣುವುದು ಯಾವುದೂ ಬದಲಾಗಬಾರದು. ಒಮ್ಮೆ ಮೇಷ್ಟ್ರ ಅಳತೆಗೆ ಹೊಂದಿಸಿದ ಮೇಲೆ ಆ ಹೊಂದಿಕೆ ಉಳಿಯಬೇಕು. ಇದಕ್ಕೆ ಯಾವುದು ಒದಗುತ್ತದೆ?

ಈ ಪ್ರಶ್ನೆಯಿಂದ ಕೆಲವು ಹೆಸರುಗಳು ತಾವಾಗಿಯೇ ಹೊರಗುಳಿದವು. ಆರ್ಚ್ ಲಿನಕ್ಸ್‌ನಂತಹ ನಿರಂತರ ಪರಿಷ್ಕರಣೆಯ ವ್ಯವಸ್ಥೆಗಳನ್ನು ಹೊಂದಿಸಿಕೊಳ್ಳುವುದಕ್ಕೆ ಮಿತಿಯೇ ಇಲ್ಲ, ನನ್ನ ಸ್ವಂತ ಯಂತ್ರದಲ್ಲಿ ನಾನು ಅದನ್ನು ಇಷ್ಟಪಟ್ಟು ಬಳಸಿದ್ದೇನೆ. ಆದರೆ ಅಲ್ಲಿ ತಂತ್ರಾಂಶಗಳ ಹೊಸ ಆವೃತ್ತಿಗಳು ಸಿದ್ಧವಾದಂತೆಲ್ಲ ಬರುತ್ತಿರುತ್ತವೆ, ಕೆಲವೊಮ್ಮೆ ಬಳಕೆದಾರರೇ ಕೈಯಾರೆ ಮಾಡಬೇಕಾದ ಕೆಲಸಗಳನ್ನು ಯೋಜನೆಯವರು ಪ್ರಕಟಿಸುತ್ತಾರೆ, ಅದನ್ನು ಓದಿ ಮಾಡುವವರು ಮನೆಯಲ್ಲಿರಬೇಕು. ಉಳಿದ ಎರಡು ಹೆಸರುಗಳ ನಡುವೆ ಮಾತ್ರ ನಾನು ನಿಜವಾಗಿ ತೂಗಿ ನೋಡಿದೆ: ಲಿನಕ್ಸ್ ಮಿಂಟ್‌ನ, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ ಮತ್ತು ಡೆಬಿಯನ್ ಸ್ಥಿರ ಆವೃತ್ತಿ.

ಮಿಂಟ್ 22ರ ಸರಣಿ ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ನಿಂತಿದೆ ಮತ್ತು ಅದಕ್ಕೆ 2029ರವರೆಗೆ ಬೆಂಬಲವಿದೆ. ಅನುಸ್ಥಾಪನೆ ಸುಲಭ, ಮೊದಲ ದಿನದಿಂದಲೇ ಎಲ್ಲವೂ ಕೈಗೆ ಸಿಗುವಂತೆ ಜೋಡಿಸಿರುತ್ತಾರೆ. ಹೊಂದಿಸಿಕೊಡುವವರು ಯಾರೂ ಇಲ್ಲದೆ ಮೇಷ್ಟ್ರು ತಾವೇ ಹಾಕಿಕೊಳ್ಳಬೇಕಾಗಿದ್ದರೆ ನಾನು ಹಿಂದೆಮುಂದೆ ನೋಡದೆ ಮಿಂಟ್ ಎನ್ನುತ್ತಿದ್ದೆ. ಇಲ್ಲಿ ಹೊಂದಿಸುವ ಕೆಲಸ ಒಂದು ಸಲದ್ದು, ಅದು ನನ್ನದು. ಉಳಿಸಿಕೊಳ್ಳುವ ಕೆಲಸ ಐದು ವರ್ಷದ್ದು, ಅದು ಮೇಷ್ಟ್ರದು. ಈ ಲೆಕ್ಕದಲ್ಲಿ ಡೆಬಿಯನ್ ಮುಂದೆ ಬಂತು.

ಡೆಬಿಯನ್ ಯೋಜನೆಯನ್ನು ಇಯಾನ್ ಮರ್ಡಾಕ್ 1993ರ ಆಗಸ್ಟ್‌ನಲ್ಲಿ ಆರಂಭಿಸಿದರು. ಯಾವ ಕಂಪನಿಯ ಒಡೆತನಕ್ಕೂ ಸೇರದೆ ಸ್ವಯಂಸೇವಕರಿಂದ ನಡೆದುಕೊಂಡು ಬಂದಿರುವ ಈ ಯೋಜನೆಯಲ್ಲಿ "ಸ್ಥಿರ" ಎಂಬ ಮಾತಿಗೆ ನಿಶ್ಚಿತವಾದ ಅರ್ಥವಿದೆ. ಒಂದು ಆವೃತ್ತಿ ಬಿಡುಗಡೆಯಾದ ಮೇಲೆ ಅದರಲ್ಲಿರುವ ತಂತ್ರಾಂಶಗಳ ಆವೃತ್ತಿ ಸಂಖ್ಯೆಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ದೋಷ ಕಂಡುಬಂದರೆ, ಹೊಸ ಆವೃತ್ತಿಯನ್ನು ತಂದು ಹಾಕುವ ಬದಲು ಆ ದೋಷದ ತಿದ್ದುಪಡಿಯನ್ನಷ್ಟೇ ಹಳೆಯ ಆವೃತ್ತಿಗೆ ಹೊಲಿಯುತ್ತಾರೆ. ಹಾಗಾಗಿ ಪರಿಷ್ಕರಣೆ ಬಂದ ಮರುದಿನವೂ ಗುಂಡಿ ಇದ್ದ ಜಾಗದಲ್ಲೇ ಇರುತ್ತದೆ. ಯಂತ್ರ ಕುಸಿಯದಿರುವುದನ್ನು ಸ್ಥಿರತೆ ಎಂದು ತಿಳಿದಿದ್ದ ನನಗೆ, ಬದಲಾಗದಿರುವುದೂ ಸ್ಥಿರತೆಯೇ ಎಂಬುದು ಮೇಷ್ಟ್ರ ಮಾತನ್ನು ಮತ್ತೆ ನೆನೆದಾಗ ಹೊಳೆಯಿತು. ಫೈರ್‌ಫಾಕ್ಸ್ ಬ್ರೌಸರ್ ಇದಕ್ಕೆ ಒಂದು ಅಪವಾದ. ಅದರ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನು ಡೆಬಿಯನ್ ಕೊಡುತ್ತದೆ, ಅದು ಸುಮಾರು ವರ್ಷಕ್ಕೊಮ್ಮೆ ಮೇಲಕ್ಕೇರುತ್ತದೆ, ಆಗ ಬ್ರೌಸರಿನ ಚಹರೆ ಸ್ವಲ್ಪ ಬದಲಾಗಬಹುದು. ಇದನ್ನು ಮೇಷ್ಟ್ರಿಗೆ ಮೊದಲೇ ಹೇಳಿದೆ.

ಆರಿಸಿದ್ದು 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13, ಅಡ್ಡಹೆಸರು ಟ್ರಿಕ್ಸಿ. ಇದಕ್ಕೆ ಮೂರು ವರ್ಷದ ಪೂರ್ಣ ಬೆಂಬಲ ಮತ್ತು ಅದರ ಮೇಲೆ ಎರಡು ವರ್ಷದ ದೀರ್ಘಾವಧಿ ಬೆಂಬಲ, ಒಟ್ಟು ಐದು ವರ್ಷ. ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, 6.12ರ ದೀರ್ಘಾವಧಿ ಸರಣಿಯದು. ಇದಕ್ಕಿಂತ ಹಳೆಯ ಲ್ಯಾಪ್‌ಟಾಪು ಇರುವವರು ಒಂದು ವಿಷಯವನ್ನು ಗಮನಿಸಬೇಕು: ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪಕವನ್ನು ಕೈಬಿಟ್ಟಿದ್ದಾರೆ. ಮೇಷ್ಟ್ರ ಪ್ರೊಸೆಸರ್ 64 ಬಿಟ್‌ನದು, ಆದ್ದರಿಂದ ಇಲ್ಲಿ ತೊಡಕಾಗಲಿಲ್ಲ. ವೈಫೈ ಕಾರ್ಡು ಅಥೆರೋಸ್ ಎಆರ್9285 ಆಗಿದ್ದು, ಅದಕ್ಕೆ ಬೇಕಾದ ಚಾಲಕ ಕರ್ನೆಲ್‌ನಲ್ಲಿಯೇ ಇದೆ, ಪ್ರತ್ಯೇಕ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಬೇಕಿಲ್ಲ. ಡೆಬಿಯನ್ 12ರಿಂದೀಚೆಗೆ ಬಹುತೇಕ ಕಾರ್ಡುಗಳ ಫರ್ಮ್‌ವೇರ್ ಅನುಸ್ಥಾಪನೆಯ ಪೆನ್‌ಡ್ರೈವಿನಲ್ಲೇ ಬರುವುದರಿಂದ ಮೊದಲಿದ್ದ ಆ ಪರದಾಟ ಬಹಳ ಮಟ್ಟಿಗೆ ಕಡಿಮೆಯಾಗಿದೆ.

ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ 4.20. ಬೇರೆ ಡೆಸ್ಕ್‌ಟಾಪುಗಳಲ್ಲಿ ಗ್ನೋಮ್ ಈ ಯಂತ್ರಕ್ಕೆ ಭಾರ, ಮೇಲಾಗಿ ತನ್ನ ರೂಪದ ಬಗ್ಗೆ ಅದಕ್ಕೆ ತನ್ನದೇ ಹಟವಿದೆ. ಕೆಡಿಇಯಲ್ಲಿ ಹೊಂದಿಸಲು ಬರುವ ಸಂಗತಿಗಳು ಹೆಚ್ಚು, ಆಕಸ್ಮಿಕವಾಗಿ ಕೆಡಿಸಿಕೊಳ್ಳಲು ಬರುವ ಸಂಗತಿಗಳೂ ಹೆಚ್ಚು. ಎಕ್ಸ್‌ಎಫ್‌ಸಿಇ ವರ್ಷಗಟ್ಟಲೆ ತನ್ನ ಚಹರೆಯನ್ನು ಉಳಿಸಿಕೊಂಡು ಬಂದಿದೆ, ಬಳಕೆದಾರರ ಹೊಂದಿಕೆಗಳನ್ನು ಓದಬಹುದಾದ ಪಠ್ಯ ಕಡತಗಳಲ್ಲಿ ಇಡುತ್ತದೆ.

ಮೇಷ್ಟ್ರ ಮೇಜಿಗೆ ಹೊಂದಿಸಿದ್ದು

ನವೆಂಬರಿನ ಒಂದು ಭಾನುವಾರ ಮೇಷ್ಟ್ರ ಪಕ್ಕದಲ್ಲೇ ಕುಳಿತು ಇದನ್ನೆಲ್ಲ ಮಾಡಿದೆ. ಹಿಂದಿನ ಸಲ ಮೈಸೂರಿನಲ್ಲಿ ಸಿದ್ಧಪಡಿಸಿ ತಂದುಕೊಟ್ಟಿದ್ದೆ, ಅದೂ ಒಂದು ತಪ್ಪೇ ಆಗಿತ್ತು.

ಅತ್ಯಂತ ಹೆಚ್ಚು ಹೊತ್ತು ಹಿಡಿದದ್ದು ಕೀಲಿಮಣೆ. ಲಿನಕ್ಸಿನಲ್ಲಿ ಕಗಪ ವಿನ್ಯಾಸ ಎರಡು ದಾರಿಯಲ್ಲಿ ಸಿಗುತ್ತದೆ. ಕೀಲಿಮಣೆಯ ಮೂಲ ಹೊಂದಿಕೆಯಲ್ಲೇ ಅದನ್ನು ಆರಿಸಿಕೊಳ್ಳಬಹುದು. ಅದು ಯಾವ ಮಧ್ಯವರ್ತಿಯೂ ಇಲ್ಲದೆ ಎಲ್ಲ ತಂತ್ರಾಂಶಗಳಲ್ಲೂ ನಡೆಯುತ್ತದೆ ಎಂಬ ಕಾರಣಕ್ಕೆ ನಾನು ಮೊದಲು ಅದನ್ನೇ ಹಾಕಿದೆ. ಮೇಷ್ಟ್ರು "ಆಲೆಮನೆ" ಎಂದು ಟೈಪು ಮಾಡಲು ಹೋಗಿ ಮೊದಲ ಅಕ್ಷರದಲ್ಲೇ ನಿಂತರು. ಆ ದಾರಿಯಲ್ಲಿ ಒಂದು ಕೀಲಿ ಯಾವಾಗಲೂ ಒಂದೇ ಸಂಕೇತವನ್ನು ಕೊಡುತ್ತದೆ. ಪದದ ಮೊದಲಿಗೆ ಬಂದರೆ "ಆ", ವ್ಯಂಜನದ ನಂತರ ಬಂದರೆ ದೀರ್ಘದ ಚಿಹ್ನೆ ಎಂದು ಸಂದರ್ಭ ನೋಡಿ ಬದಲಾಯಿಸುವ ವಿವೇಕ ಅದಕ್ಕಿಲ್ಲ, ನುಡಿಗೆ ಅದು ಇದೆ. ಹಾಗಾಗಿ ಐಬಸ್ ಮತ್ತು ಹಲವು ಭಾಷೆಗಳ ಕೀಲಿ ವಿನ್ಯಾಸಗಳನ್ನು ಒದಗಿಸುವ ಎಂ17ಎನ್ ಜೋಡಿಯಲ್ಲಿ ಬರುವ ಕಗಪಕ್ಕೆ ಹೋದೆವು. ಈ ಸಲ ಪರಿಸರ ಚಲಕಗಳನ್ನು ಕೈಯಿಂದ ಬರೆಯದೆ, ಡೆಬಿಯನ್ನಿನ ಐಎಂ-ಕಾನ್ಫಿಗ್ ಎಂಬ ಉಪಕರಣಕ್ಕೆ ಆ ಕೆಲಸವನ್ನು ಬಿಟ್ಟೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು "ಕೊಪ್ಪರಿಗೆ" ಎಂದು ಟೈಪು ಮಾಡಿದರು, ಎಫ್ ಕೀಲಿ ಒತ್ತಿದ ಕಡೆ ಒತ್ತಕ್ಷರ ಸರಿಯಾಗಿ ಕೂತಿತು. ಬಳಿಕ "ರ‍್ಯಾಂಕ್" ಎಂದು ಬರೆಯಲು ಹೋದಾಗ ರಕಾರ ಅರ್ಕಾವತ್ತಾಗಿ ತಿರುಗಿತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಮಾನ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಅದನ್ನು ತಡೆಯಲು ರಕಾರದ ನಂತರ ಕಣ್ಣಿಗೆ ಕಾಣದ ಜೋಡಣಾ ಸಂಕೇತವೊಂದನ್ನು ಸೇರಿಸಬೇಕು. ಲಿಬ್ರೆಆಫೀಸಿನ ಸ್ವಯಂತಿದ್ದುಪಡಿಯಲ್ಲಿ ಅಂತಹ ಹತ್ತಾರು ಪದಗಳನ್ನು ಸೇರಿಸಿಟ್ಟೆ.

ಅಕ್ಷರ ದಪ್ಪಕ್ಕೆ ಕಾಣಬೇಕೆಂಬುದು ಸುಲಭವೆಂದು ತಿಳಿದಿದ್ದೆ. ಎಕ್ಸ್‌ಎಫ್‌ಸಿಇಯಲ್ಲಿ ಅಕ್ಷರದ ಸಾಂದ್ರತೆಯನ್ನು 96ರಿಂದ 120ಕ್ಕೆ ಏರಿಸಿದಾಗ ಮೇಷ್ಟ್ರ ಮುಖ ಅರಳಿತು, ಆದರೆ 768 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಕೆಲವು ಸಂವಾದ ಕಿಟಕಿಗಳ "ಸರಿ" ಗುಂಡಿ ಪರದೆಯ ಕೆಳಗೆ ಹೋಗಿ ಮರೆಯಾಯಿತು. 108ಕ್ಕೆ ಇಳಿಸಿ, ಆಲ್ಟ್ ಕೀಲಿ ಹಿಡಿದು ಕಿಟಕಿಯನ್ನು ಎಲ್ಲಿಂದಾದರೂ ಎಳೆಯುವುದನ್ನು ಹೇಳಿಕೊಟ್ಟೆ. ಲಿಬ್ರೆಆಫೀಸಿನ ಪುಟವನ್ನು ಮಾತ್ರ 140 ಪ್ರತಿಶತಕ್ಕೆ ಹಿಗ್ಗಿಸಿಟ್ಟೆವು. ಕೆಳಗಿನ ಪಟ್ಟಿಯಲ್ಲಿ ಚಿತ್ರಗಳ ಬದಲು ಕನ್ನಡದ ಹೆಸರುಗಳೇ ಇವೆ: "ಬರೆಯಲು", "ಜಾಲ", "ಕಡತಗಳು", "ನಕಲು". ಕೊನೆಯದನ್ನು ಒತ್ತಿದರೆ ಪದಕೋಶದ ಕಡತಗಳೆಲ್ಲ ಪೆನ್‌ಡ್ರೈವಿಗೆ ನಕಲಾಗುತ್ತವೆ. ಪಟ್ಟಿಯನ್ನು ಬದಲಾಯಿಸಲು ಬಾರದಂತೆ ಬೀಗ ಹಾಕುವ ಅವಕಾಶ ಎಕ್ಸ್‌ಎಫ್‌ಸಿಇಯಲ್ಲಿದೆ, ನಾನು ಹಾಕಲಿಲ್ಲ. ಅವರ ಯಂತ್ರವನ್ನು ಅವರಿಂದಲೇ ಕಾಯುವುದು ನನಗೆ ಸರಿಯೆನಿಸಲಿಲ್ಲ. ಬದಲಿಗೆ ಹೊಂದಿಕೆಗಳ ಕೋಶದ ಒಂದು ಪ್ರತಿಯನ್ನು ಪಕ್ಕದಲ್ಲಿ ಇಟ್ಟಿದ್ದೇನೆ.

ಕಣ್ಣಿಗೆ ಕಾಣದ ಕೆಲಸಗಳೂ ಕೆಲವು ಇದ್ದವು. ಭದ್ರತಾ ಪರಿಷ್ಕರಣೆಗಳು ಕೇಳದೆಯೇ ಬಂದು ಕೂರುವಂತೆ ಮಾಡಿದೆ. ಮೆಮೊರಿಯ ಒಂದು ಪಾಲಿನಲ್ಲಿ ದತ್ತಾಂಶವನ್ನು ಅಡಕಗೊಳಿಸಿ ಇಡುವ ಝಡ್‌ರ‍್ಯಾಮ್ ಹಾಕಿದೆ. ಡೆಬಿಯನ್ 13ರಲ್ಲಿ ತಾತ್ಕಾಲಿಕ ಕಡತಗಳ ಕೋಶ ಡಿಸ್ಕಿನಲ್ಲಿರದೆ ಮೆಮೊರಿಯಲ್ಲಿ ಇರುತ್ತದೆ, ಮೆಮೊರಿಯ ಅರ್ಧದವರೆಗೂ ಅದು ಬೆಳೆಯಬಹುದು. 4 ಜಿಬಿ ಇರುವ ಯಂತ್ರದಲ್ಲಿ ನೂರಾರು ಪುಟದ ಸ್ಕ್ಯಾನ್ ಕಡತಗಳನ್ನು ನಿಭಾಯಿಸುವಾಗ ಇದು ತೊಡಕಾಗಬಹುದೆಂದು ಅದನ್ನು ಮತ್ತೆ ಡಿಸ್ಕಿಗೇ ತಿರುಗಿಸಿದೆ. ಮನೆಯ ಹಳೆಯ ಲೇಸರ್ ಪ್ರಿಂಟರ್ ತನ್ನ ಫರ್ಮ್‌ವೇರನ್ನು ತನ್ನಲ್ಲಿ ಇಟ್ಟುಕೊಳ್ಳುವ ಬಗೆಯದಲ್ಲ, ಪ್ರತಿ ಸಲ ಹಾಕಿದಾಗಲೂ ಕಂಪ್ಯೂಟರಿನಿಂದ ಪಡೆಯಬೇಕು. ಅದಕ್ಕೆ ಬೇಕಾದ ಪ್ಲಗಿನ್ ಮುಕ್ತ ತಂತ್ರಾಂಶವಲ್ಲ, ಆದರೂ ಹಾಕಿದೆ, ಮುದ್ರಣವಿಲ್ಲದೆ ಮೇಷ್ಟ್ರ ಕರಡು ತಿದ್ದುವ ಕೆಲಸ ನಡೆಯುವುದಿಲ್ಲ. ಯೂಟ್ಯೂಬಿನ ವಿಡಿಯೊಗಳು ತಡವರಿಸುತ್ತಿದ್ದವು. ಈ ಚಿಪ್ಪಿನ ಗ್ರಾಫಿಕ್ಸ್ ಭಾಗಕ್ಕೆ ಎಚ್.264 ಬಗೆಯಲ್ಲಿ ಅಡಕಗೊಳಿಸಿದ ವಿಡಿಯೊ ಬಿಡಿಸಲು ಬರುತ್ತದೆ, ವಿಪಿ9 ಬಗೆಯದು ಬರುವುದಿಲ್ಲ, ಯೂಟ್ಯೂಬಿನಿಂದ ಬರುವುದು ಹೆಚ್ಚಾಗಿ ವಿಪಿ9. ಎಚ್.264ನ್ನೇ ಕೇಳುವ ಒಂದು ವಿಸ್ತರಣೆಯನ್ನು ಬ್ರೌಸರಿಗೆ ಸೇರಿಸಿದ ಮೇಲೆ ಸುಧಾರಿಸಿತು.

ಹಳೆಯ ನುಡಿ ಕಡತಗಳು

ಮೇಷ್ಟ್ರ ಬಳಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪು ಮಾಡಿದ 340 ಕಡತಗಳಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೆರೆ, ಚುಕ್ಕಿಗಳನ್ನು ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ, ಏಕೆಂದರೆ ಕಡತದ ಒಳಗೆ ಇರುವುದು ಅದೇ. ಕನ್ನಡವಾಗಿ ತೋರಿಸುವುದು ಅಕ್ಷರಶೈಲಿ ಮಾತ್ರ. ಮೇಷ್ಟ್ರ ಹಳೆಯ ಡಿಸ್ಕಿನಿಂದ ಆ ಅಕ್ಷರಶೈಲಿಗಳನ್ನು ಮನೆಕೋಶದ (ಬಳಕೆದಾರರ ಸ್ವಂತ ಕಡತಗಳಿರುವ ಕೋಶದ) ಒಳಗೆ ನಕಲು ಮಾಡಿದೊಡನೆ ಲಿಬ್ರೆಆಫೀಸಿನಲ್ಲಿ ಹೆಚ್ಚಿನ ಕಡತಗಳು ಹಿಂದಿನಂತೆಯೇ ತೆರೆದುಕೊಂಡವು. ಆದರೆ ಹಾಗೆಯೇ ಬಿಟ್ಟರೆ ಪದಕೋಶದಲ್ಲಿ ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ಸಾಧ್ಯವಿಲ್ಲ. ಪದಕೋಶಕ್ಕೆ ಅವೆರಡೂ ಇಲ್ಲದಿದ್ದರೆ ಏನು ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಮುಕ್ತವಾಗಿ ಸಿಗುವ ಪರಿವರ್ತಕವೊಂದರಿಂದ ಕಡತಗಳನ್ನು ಯೂನಿಕೋಡಿಗೆ ತಿರುಗಿಸುತ್ತಿದ್ದೇವೆ. ವಿಂಡೋಸಿನಲ್ಲೇ ಉಳಿದಿದ್ದರೂ ಈ ಕೆಲಸ ಒಂದು ದಿನ ಮಾಡಲೇಬೇಕಾಗಿತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ್ದ ಎರಡು ಕಿರುಹೊತ್ತಿಗೆಗಳು ಮಾತ್ರ ಇಲ್ಲಿ ದಕ್ಕಲಿಲ್ಲ. ಮಂಡ್ಯದ ಮುದ್ರಣಾಲಯವೊಂದರ ಹಳೆಯ ಕಂಪ್ಯೂಟರಿನಲ್ಲಿ ಅವನ್ನು ತೆರೆಸಿ ಪಿಡಿಎಫ್ ಮಾಡಿಸಿಕೊಂಡು ಬಂದೆವು.

ಈಗಿನ ಸ್ಥಿತಿ ಹೀಗಿದೆ. ಮೊದಲು ಕೆಲಸಕ್ಕೆ ಒದಗಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತದೆ. ಸುಮ್ಮನಿದ್ದಾಗ 700 ಎಂಬಿಯ ಆಸುಪಾಸು ಮೆಮೊರಿ ಬಳಕೆಯಾಗುತ್ತದೆ, ಮೊದಲ ಪ್ರಯತ್ನದ ಹೆಚ್ಚುಕಡಿಮೆ ಮೂರರಷ್ಟು, ಮೇಷ್ಟ್ರಿಗೆ ಅದರಿಂದ ಏನೂ ಆಗಿಲ್ಲ. ಡಿಸೆಂಬರಿನಿಂದೀಚೆಗೆ ಅವರಿಂದ ತೊಂದರೆಯ ಫೋನು ಬಂದಿರುವುದು ಎರಡೇ ಸಲ, ಅದರಲ್ಲಿ ಒಂದು ಪ್ರಿಂಟರಿನ ಕಾಗದ ಸಿಕ್ಕಿಕೊಂಡದ್ದು. ಪಟ್ಟಿಯಲ್ಲಿದ್ದ ಗಡಿಯಾರವನ್ನು ಎಡಕ್ಕೆ ಸರಿಸಿಕೊಂಡು ಅದರಲ್ಲಿ ವಾರದ ಹೆಸರು ಬರುವಂತೆ ಅವರೇ ಮಾಡಿಕೊಂಡಿದ್ದಾರೆ.

ಮನೆಕೋಶವನ್ನು ಬೇರೆ ವಿಭಾಗದಲ್ಲಿ ಇಟ್ಟಿರುವುದರಿಂದ ಮುಂದಿನ ಡೆಬಿಯನ್ನಿಗೆ ಏರುವಾಗ ಕಡತಗಳನ್ನು ಮುಟ್ಟಬೇಕಾಗಿಲ್ಲ. ಅದಕ್ಕೂ ಮೊದಲು ಲ್ಯಾಪ್‌ಟಾಪಿನ ಎಡಗಡೆಯ ಕೀಲು ಮುರಿಯಬಹುದು, ಈಗಾಗಲೇ ಬಿರುಕು ಬಿಟ್ಟಿದೆ. 340 ಕಡತಗಳಲ್ಲಿ 214 ಯೂನಿಕೋಡಿಗೆ ಬಂದಿವೆ. ಪರಿವರ್ತಕ ಅರ್ಕಾವತ್ತನ್ನು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಕೂರಿಸುವುದರಿಂದ ಪ್ರತಿ ಕಡತವನ್ನೂ ಮೇಷ್ಟ್ರು ಮುದ್ರಿಸಿಕೊಂಡು, ಕೆಂಪು ಪೆನ್ನು ಹಿಡಿದು, ಸಾಲು ಸಾಲಾಗಿ ಓದಿ ತಿದ್ದುತ್ತಿದ್ದಾರೆ.